ಕಡ್ಡಾಯದ ಔತಣ

ನಮ್ಮ ಶಿಕಾರಿಪುರ, ಸೊರಬಗಳ ಕಡೆಯ ಗೃಹಸ್ಥರು ಹಿಂದೆ ಪ್ರಯಾಣ ಹೊರಡುವುದೆಂದರೆ ಧರ್ಮಸ್ಥಳ, ಶೃಂಗೇರಿ, ಬಹಳವಾಯಿತೆಂದರೆ ಕಾಶಿ ರಾಮೇಶ್ವರ. ಬುತ್ತಿಯ ಗಂಟು ಕೈಯಲ್ಲಿರುತ್ತಿತ್ತು, ಇಳಿದಲ್ಲಿ ಛತ್ರವಿರುತ್ತಿತ್ತು. ಈಗ ಕಾಲ ಬೇರೆಯಾಗಿದೆ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮಗನಿಗೆ ಡಿಸೆಂಬರ್ ತಿಂಗಳ ಕೊನೆಯ ವಾರವನ್ನು ಬಿಟ್ಟರೆ ಬಿಡುವು ದೊರೆಯುವುದಿಲ್ಲ. ಆತನು ತಂದೆತಾಯಿಗಳನ್ನು ಥಾಯ್ಲೆಂಡಿಗೋ ಬಾಲಿದ್ವೀಪಕ್ಕೋ ದುಬೈಗೋ ಪ್ರೀತಿಯಿಂದ ಹೊರಡಿಸುತ್ತಾನೆ. ತೋಟದಲ್ಲಿ ಅಡಿಕೆಯ ಕೊಯ್ಲು ನಡೆಯುತ್ತಿದ್ದರೂ ಹಿರಿಯರು ಮಗನ ಮಾತನ್ನು ಮೀರಲಾರದೆ ಹೊರಡುತ್ತಾರೆ. ಇದು ಸಂತೋಷದ ವಿಷಯವೇ ಸರಿ. ಆದರೆ ಆ ದಿನಗಳಲ್ಲಿ ಪರದೇಶದ ಅನೇಕ ಹೋಟೆಲುಗಳಲ್ಲಿ ಒಂದು ಪದ್ಧತಿ ನಡೆದುಬರುತ್ತಿದೆ. ಅದನ್ನು ಅರಿಯದೆ ಹೋದವರು ಕೋಣೆಯ ಬೀಗದಕೈ ಪಡೆಯುವ ಮೇಜಿನ ಮುಂದೆ ನಿಂತು ಬೆಪ್ಪಾಗುತ್ತಾರೆ. ಈ ತಿಂಗಳು ಆ ವಿಷಯವನ್ನೇ ವಾಚಕರ ಮುಂದಿಡಲು ಇಚ್ಛಿಸಿದ್ದೇವೆ.

ಪದ್ಧತಿಯೇನೆಂದರೆ, ಡಿಸೆಂಬರ್ 31ರ ರಾತ್ರಿ, ಕೆಲವೆಡೆ 24ರ ರಾತ್ರಿಯೂ, ಹೋಟೆಲಿನವರು ಒಂದು ದೊಡ್ಡ ಔತಣವನ್ನು ಏರ್ಪಡಿಸುತ್ತಾರೆ. ಇದಕ್ಕೆ ಗಾಲಾ ಡಿನ್ನರ್ ಎಂದು ಹೆಸರು. ವಾದ್ಯ, ನರ್ತನ, ಮಧ್ಯರಾತ್ರಿಯಲ್ಲಿ ಬಾಣಬಿರುಸು, ಸಾಲು ಮೇಜುಗಳ ಮೇಲೆ ನಾನಾ ಬಗೆಯ ಭಕ್ಷ್ಯಗಳು. ಇಷ್ಟರಲ್ಲಿ ಆಕ್ಷೇಪಿಸತಕ್ಕದ್ದೇನೂ ಇಲ್ಲ. ಆದರೆ ಆ ರಾತ್ರಿ ಅಲ್ಲಿ ತಂಗುವ ಪ್ರತಿಯೊಬ್ಬನೂ, ಉಂಡರೂ ಉಣ್ಣದಿದ್ದರೂ, ತಲೆಗಿಷ್ಟೆಂದು ಅದರ ಹಣವನ್ನು ತೆರಲೇಬೇಕು; ಕೋಣೆಯ ಬಾಡಿಗೆ ಬೇರೆ, ಇದು ಬೇರೆ. ಸಂಸ್ಕೃತದಲ್ಲಿ ಗಲವೆಂದರೆ ಕಂಠ, ಕತ್ತಿಗೆ ಕೈಹಾಕಿ ಹೊರದೂಡುವುದಕ್ಕೆ ಗಲಹಸ್ತವೆಂದು ಹೆಸರು. ಈ ಗಾಲಾ ಶಬ್ದಕ್ಕೂ ಅದಕ್ಕೂ ಸಂಬಂಧವಿಲ್ಲವೆಂಬುದನ್ನು ನಾವು ಬಲ್ಲೆವು. ಆದರೂ ಕತ್ತಿಗೆ ಕೈಹಾಕಿ ಒಳಕ್ಕೆ ಕೂರಿಸುವ ಈ ಸತ್ಕಾರವನ್ನು ಕಂಡಾಗ ಆ ಮಾತು ನೆನಪಿಗೆ ಬಾರದಿರದು.

ಹೋಟೆಲಿನವರ ಪಕ್ಷವನ್ನೂ ಕೇಳಬೇಕು. ಆ ರಾತ್ರಿ ಅವರ ಇತರ ಭೋಜನಶಾಲೆಗಳು ಸಾಮಾನ್ಯವಾಗಿ ಮುಚ್ಚಿರುತ್ತವೆ; ಅಡಿಗೆಯವರು, ಬಡಿಸುವವರು, ವಾದ್ಯಗಾರರು ಎಲ್ಲರಿಗೂ ಹಬ್ಬದ ದಿನದ ಹೆಚ್ಚಿನ ಸಂಬಳ ಕೊಡಬೇಕು; ಸಾಮಗ್ರಿಯನ್ನು ಮೊದಲೇ ತರಿಸಬೇಕು. ಬರುವವರೆಷ್ಟು ಜನವೆಂಬುದು ನಿಶ್ಚಯವಾಗದೆ ಇಷ್ಟು ಖರ್ಚಿಗೆ ಯಾರು ಕೈಹಾಕುವರು? ನಮ್ಮಲ್ಲಿ ಮದುವೆಯ ಮನೆಯವರು ಎಲೆಯ ಲೆಕ್ಕಕ್ಕಾಗಿ ಪರದಾಡುವುದನ್ನು ಕಂಡವರಿಗೆ ಈ ಕಷ್ಟ ಅರ್ಥವಾಗುತ್ತದೆ. ಆದರೆ ಇದರ ಹಿಂದೆ ಇನ್ನೊಂದು ಕಾರಣವೂ ಉಂಟು. ಈಗ ಜನರು ಹೋಟೆಲನ್ನು ಆರಿಸುವುದು ಅಂತರ್ಜಾಲದಲ್ಲಿ ಬಾಡಿಗೆಗಳನ್ನು ಹೋಲಿಸಿ ನೋಡಿ. ಬಾಡಿಗೆಯನ್ನು ಕಡಿಮೆಯಾಗಿ ತೋರಿಸಿ, ಉಳಿದುದನ್ನು ಔತಣದ ಹೆಸರಿನಲ್ಲಿ ಬೇರೆಯಾಗಿ ವಸೂಲು ಮಾಡಿದರೆ ಆ ಹೋಟೆಲು ಪಟ್ಟಿಯಲ್ಲಿ ಅಗ್ಗವಾಗಿ ಕಾಣುತ್ತದೆ. ತಪ್ಪಿಸಿಕೊಳ್ಳಲು ಬಾರದ ಊಟದ ಹಣವೆಂಬುದು ಊಟದ ಹಣವೇ ಅಲ್ಲ, ಅದು ಬಾಡಿಗೆಯ ಒಂದು ಭಾಗ. ಹೀಗೆಂದು ತಿಳಿದು ಲೆಕ್ಕ ಹಾಕಿದವನು ಮೋಸಹೋಗುವುದಿಲ್ಲ.

ಕಳೆದ ವರ್ಷ ನವೆಂಬರಿನಲ್ಲಿ ಸೊರಬ ತಾಲ್ಲೂಕಿನ ನಮ್ಮ ಹಳೆಯ ಶಿಷ್ಯರೊಬ್ಬರು ಕಾಗದಗಳ ಒಂದು ಕಟ್ಟನ್ನು ಹಿಡಿದು ಶಿಕಾರಿಪುರಕ್ಕೆ ಬಂದರು. ಮನೆಮಂದಿ ಆರು ಜನ, ಐದು ರಾತ್ರಿ ಥಾಯ್ಲೆಂಡಿನ ಸಮುದ್ರತೀರದ ಒಂದು ಹೋಟೆಲು, ಪ್ರಯಾಣದ ಏಜೆಂಟರ ಮೂಲಕ ಗೊತ್ತುಪಡಿಸಿದ್ದು. ನಾಲ್ಕನೆಯ ಪುಟದ ಅಡಿಯಲ್ಲಿ ಕಿರಿದಾದ ಅಕ್ಷರಗಳಲ್ಲಿ, 31ರ ಔತಣದ ಹಣವು ಕಡ್ಡಾಯವೆಂದೂ ಅದನ್ನು ಹೋಟೆಲಿನಲ್ಲಿಯೇ ಸಲ್ಲಿಸತಕ್ಕದ್ದೆಂದೂ ಅಚ್ಚಾಗಿತ್ತು. ಎಷ್ಟೆಂಬುದು ಮಾತ್ರ ಎಲ್ಲಿಯೂ ಇರಲಿಲ್ಲ. ಅವರು ಹೋಟೆಲಿಗೆ ಬರೆದು ಕೇಳಲಾಗಿ, ದೊಡ್ಡವರಿಗೆ 4,000 ಬಾಟ್, ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ 2,000 ಬಾಟ್ ಎಂಬ ಉತ್ತರವೂ, ಅದರ ಮುಂದೆ ಎರಡು ಕೂಡುವ ಚಿಹ್ನೆಗಳೂ ಬಂದಿದ್ದುವು. ಈ ಚಿಹ್ನೆಗಳನ್ನು ಅವರು ಅಲಂಕಾರವೆಂದು ಭಾವಿಸಿದ್ದರು. ಅಲಂಕಾರವಲ್ಲ, ಮೊದಲನೆಯದು ಶೇಕಡಾ 10ರ ಸೇವಾಶುಲ್ಕ, ಎರಡನೆಯದು ಆ ಮೊತ್ತದ ಮೇಲೆ ಶೇಕಡಾ 7ರ ಸರ್ಕಾರದ ತೆರಿಗೆ. ನಾಲ್ವರು ದೊಡ್ಡವರಿಗೆ 16,000, ಇಬ್ಬರು ಮಕ್ಕಳಿಗೆ 4,000, ಕೂಡಿ 20,000. ಸೇವಾಶುಲ್ಕ ಸೇರಿ 22,000. ತೆರಿಗೆ ಸೇರಿ 23,540 ಬಾಟ್. ಬಾಟ್ ಒಂದಕ್ಕೆ ಎರಡೂವರೆ ರೂಪಾಯಿಯಂತೆ ಹಿಡಿದರೂ ಒಂದು ಹೊತ್ತಿನ ಊಟಕ್ಕೆ 58,850 ರೂಪಾಯಿ!

"ಮೇಷ್ಟ್ರೇ, ನಮ್ಮಮ್ಮ ರಾತ್ರಿ ಹೊತ್ತು ಊಟವನ್ನೇ ಮಾಡುವುದಿಲ್ಲ. ಒಂದು ಲೋಟ ಹಾಲು, ಒಂದು ಬಾಳೆಹಣ್ಣು, ಅಷ್ಟೆ. ಅವರ ತಲೆಗೂ ನಾಲ್ಕು ಸಾವಿರ ಹಿಡಿದಿದ್ದಾರಲ್ಲ!" ಎಂದು ಅವರು ಮರುಗಿದರು. ಹಣವಿಲ್ಲದ ಮನೆಯಲ್ಲ ಅದು. ಮಗಳ ಓದಿಗೆಂದು ತೆಗೆದಿಟ್ಟುದರಲ್ಲಿ ಒಂದಿಷ್ಟನ್ನು ಮುರಿದು, ತಾಯಿಯವರಿಗೆ ಒಮ್ಮೆ ವಿಮಾನವೇರಿಸಬೇಕೆಂಬ ಆಸೆಯಿಂದ ಹೊರಟಿದ್ದರು. ತಮ್ಮಿಂದ ಇಷ್ಟು ದಂಡವೆಂದು ತಿಳಿದರೆ ಆ ಮುದುಕಿ ಹೊರಡುವುದನ್ನೇ ನಿಲ್ಲಿಸಿಬಿಡುವರೆಂಬುದೇ ಅವರ ದೊಡ್ಡ ಚಿಂತೆ. ಅದೃಷ್ಟವಶಾತ್ ದಂಡವಿಲ್ಲದೆ ರದ್ದುಪಡಿಸುವ ಗಡುವು ಇನ್ನೂ ಹತ್ತು ದಿನ ಉಳಿದಿತ್ತು. ಹೋಟೆಲಿನವರು ತಾಯಿಯವರ ಹಣವನ್ನು ಬಿಡಲು ಒಪ್ಪಲಿಲ್ಲ. ಆಗ 31ರ ಬೆಳಿಗ್ಗೆಯೇ ಆ ಹೋಟೆಲನ್ನು ಬಿಟ್ಟು, ಔತಣದ ಗೊಡವೆಯಿಲ್ಲದ ಪೇಟೆಯೊಳಗಣ ಒಂದು ಚಿಕ್ಕ ವಸತಿಗೃಹದಲ್ಲಿ ಕೊನೆಯ ರಾತ್ರಿ ತಂಗುವಂತೆ ಏರ್ಪಾಟನ್ನು ತಿದ್ದಿಸಿಕೊಂಡರು. ಕೋಣೆ ಇಕ್ಕಟ್ಟಾಗಿತ್ತೆಂದು ಮಕ್ಕಳು ಗೊಣಗಿದರಂತೆ. ಬಾಣಬಿರುಸು ಅಲ್ಲಿನ ಮಹಡಿಯಿಂದಲೂ ಕಾಣಿಸಿತಂತೆ.

ಈ ಸಂದರ್ಭದಲ್ಲಿ ಒಂದು ಮಾತನ್ನು ಹೇಳದೆ ಮುಂದುವರಿಯಲಾರೆವು. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯ ಮಠದ ಕೀರ್ತಿಯನ್ನು ಕ್ರಿ. ಶ. 1162ರ ಶಾಸನವು ವರ್ಣಿಸುತ್ತದೆ. ವೇದ, ವ್ಯಾಕರಣ, ದರ್ಶನಗಳ ಪಾಠ ನಡೆಯುತ್ತಿದ್ದ ಆ ಮಠದಲ್ಲಿ ದೀನರಿಗೂ ಅನಾಥರಿಗೂ ಕುಂಟರು ಕುರುಡರಿಗೂ, ಗಾಯಕರಿಗೂ ವಾದಕರಿಗೂ, ಜೈನ ಬೌದ್ಧ ಮೊದಲಾದ ನಾನಾ ಮತದ ಭಿಕ್ಷುಗಳಿಗೂ ಅನ್ನ ದೊರೆಯುತ್ತಿತ್ತು. ರೋಗಿಗಳಿಗೆ ಔಷಧವೂ ಉಂಟಾಗಿತ್ತು. ಬಂದವನು ಯಾವ ಮತದವನೆಂದು ಕೇಳದೆ ಬಡಿಸುತ್ತಿದ್ದ ಊರಿನ ನೆರೆಯವರಾದ ನಮಗೆ, ಉಣ್ಣದವನಿಂದಲೂ ಊಟದ ಹಣ ಕೇಳುವ ಪದ್ಧತಿ ವಿಚಿತ್ರವಾಗಿ ತೋರುವುದು ಸಹಜ. ಆದರೆ ನ್ಯಾಯವಾಗಿ ನುಡಿಯಬೇಕಾದರೆ, ಮಠವು ದತ್ತಿಭೂಮಿಯಿಂದ ನಡೆಯುತ್ತಿತ್ತು, ಹೋಟೆಲು ಅತಿಥಿಯ ಹಣದಿಂದಲೇ ನಡೆಯುತ್ತದೆ. ಹೋಟೆಲಿನವನು ಹಣ ಕೇಳುವುದು ತಪ್ಪಲ್ಲ. ಅತಿಥಿಯು ಹಿಂದಿರುಗಲಾಗದ ಸ್ಥಿತಿಗೆ ಬಂದಮೇಲೆ ಕೇಳುವುದು ತಪ್ಪು. ನಮ್ಮ ಆಕ್ಷೇಪವೆಲ್ಲ ಇಷ್ಟರಲ್ಲಿಯೇ ಇದೆ.

ಆದಕಾರಣ ಕೋಣೆ ಗೊತ್ತುಮಾಡುವುದಕ್ಕೆ ಮೊದಲೇ ಬರಹದಲ್ಲಿ ಕೇಳತಕ್ಕದ್ದು. ಬಾಯಿಮಾತಿನ ಭರವಸೆ ಸಾಲದು. ನಾವು ತಂಗುವ ಯಾವ ರಾತ್ರಿಗಾದರೂ ಕಡ್ಡಾಯದ ಔತಣವುಂಟೇ, ತೆರಿಗೆಯೂ ಸೇವಾಶುಲ್ಕವೂ ಸೇರಿ ತಲೆಗೆ ಎಷ್ಟು, ಎಷ್ಟು ವರ್ಷದ ಮಗುವಿನವರೆಗೆ ಬಿಡುತ್ತೀರಿ, ಎಂದು ನೇರವಾಗಿ ಬರೆದರೆ ಸಾಕು. ರಾತ್ರಿಯೂಟವನ್ನೂ ಸೇರಿಸಿ ಬಾಡಿಗೆ ಕೊಟ್ಟವರು, ಆ ದಿನದ ಊಟದ ಬೆಲೆಯನ್ನು ಔತಣದ ಹಣದಲ್ಲಿ ವಜಾ ಮಾಡುತ್ತೀರಾ ಎಂದೂ ಕೇಳಬೇಕು. ಕೇಳಿದವರಿಗೆ ವಜಾ ಮಾಡುವ ಹೋಟೆಲುಗಳುಂಟು, ಕೇಳದವರಿಗೆ ತಾವಾಗಿ ನೆನಪು ಮಾಡಿಕೊಡುವವರು ವಿರಳ. ಅಂತರ್ಜಾಲದಲ್ಲಿ ತಾವೇ ಗೊತ್ತುಮಾಡುವವರು ಬಾಡಿಗೆಯ ಕೆಳಗೆ 'ಹೋಟೆಲಿನಲ್ಲಿ ಸಲ್ಲಿಸತಕ್ಕ ಶುಲ್ಕಗಳು' ಎಂಬ ಭಾಗವನ್ನು ಬಿಚ್ಚಿ ಓದಿ, ಆ ಪುಟದ ಚಿತ್ರವನ್ನು ತೆಗೆದಿಟ್ಟುಕೊಳ್ಳತಕ್ಕದ್ದು. ಈ ಪದ್ಧತಿಯು ಡಿಸೆಂಬರಿಗೆ ಮಾತ್ರ ಸೀಮಿತವಲ್ಲ; ಜನವರಿ ಕೊನೆ ಫೆಬ್ರವರಿಗಳಲ್ಲಿ ಬರುವ ಚೀನೀಯರ ಹೊಸ ವರ್ಷಕ್ಕೂ ಕೆಲವೆಡೆ ಉಂಟು.

ಎಲ್ಲವನ್ನೂ ಕೂಡಿಸಿದ ಮೇಲೆ ಬಂದ ಮೊತ್ತವನ್ನು ಬೇರೆ ಹೋಟೆಲಿನ ಮೊತ್ತದೊಡನೆ ಹೋಲಿಸಬೇಕು. ಕೆಲವು ವೇಳೆ ಔತಣವುಳ್ಳ ಹೋಟೆಲೇ ಒಟ್ಟಿನಲ್ಲಿ ಅಗ್ಗವಾಗುವುದುಂಟು. ಆಗ ಹೆಸರಿಗೆ ಹೆದರಿ ಬಿಡುವುದು ಜಾಣತನವಲ್ಲ. ಹೋಗಲು ನಿಶ್ಚಯಿಸಿದವರು ಶಾಕಾಹಾರದ ವಿಷಯವನ್ನು ಮೊದಲೇ ತಿಳಿಸಲಿ. ಆ ಮೇಜುಗಳ ಮೇಲಿರುವುದು ಬಹುಪಾಲು ಮೀನು, ಮಾಂಸ. ಹೇಳದೆ ಹೋದ ನಮ್ಮವರಿಗೆ ರೊಟ್ಟಿ, ಹಸಿ ಸೊಪ್ಪು, ಹಣ್ಣು ಇಷ್ಟೇ ಗತಿ. ಈರುಳ್ಳಿ ಬೆಳ್ಳುಳ್ಳಿ ತ್ಯಜಿಸಿದವರು 'ಜೈನ ಆಹಾರ' ಎಂದು ಬರೆದರೆ, ಭಾರತದ ಅತಿಥಿಗಳನ್ನು ಕಂಡಿರುವ ಹೋಟೆಲಿನವರಿಗೆ ಬೇಗ ತಿಳಿಯುತ್ತದೆ. ಮನೆಯಿಂದ ಒಯ್ದ ಅವಲಕ್ಕಿ ಹೇಗೂ ಪೆಟ್ಟಿಗೆಯಲ್ಲಿರಲಿ.

ಯಾರೂ ಹೇಳದೆ, ಯಾವ ಕಾಗದದಲ್ಲಿಯೂ ಕಾಣದೆ, ಮೇಜಿನ ಮುಂದೆ ನಿಂತಾಗಲೇ ಹಣ ಕೇಳಿದರೆ? ಮಧ್ಯರಾತ್ರಿ ಮಕ್ಕಳನ್ನು ನಿಲ್ಲಿಸಿಕೊಂಡು ಕೂಗಾಡುವುದರಿಂದ ಪ್ರಯೋಜನವಿಲ್ಲ. ಅಲ್ಲಿರುವ ನೌಕರನು ಪದ್ಧತಿಯನ್ನು ಮಾಡಿದವನಲ್ಲ. ಗೊತ್ತುಪಡಿಸಿದ ಕಾಗದವನ್ನು ತೋರಿಸಿ, ಮೇಲಧಿಕಾರಿಯನ್ನು ಕರೆಯಿಸಿ, ಏಜೆಂಟರಿಗೆ ಅಲ್ಲಿಂದಲೇ ದೂರವಾಣಿ ಮಾಡಿ. ಬಿಡದಿದ್ದರೆ ಹಣವನ್ನು ಕೈಯಲ್ಲಿ ಕೊಡದೆ ಕಾರ್ಡಿನ ಮೂಲಕ ಸಲ್ಲಿಸಿ, 'ಆಕ್ಷೇಪಣೆಯೊಡನೆ ಸಲ್ಲಿಸಿದ್ದೇನೆ' ಎಂದು ಬರೆದು, ಔತಣದ ಹಣವೆಂದು ಬೇರೆಯಾಗಿ ನಮೂದಿಸಿದ ರಸೀತಿಯನ್ನು ಪಡೆಯತಕ್ಕದ್ದು. ಆ ರಸೀತಿಯಿಲ್ಲದೆ ಊರಿಗೆ ಬಂದಮೇಲೆ ಯಾವ ಮಾತಿಗೂ ಬೆಲೆಯಿಲ್ಲ.

ಪರದೇಶದ ಹೋಟೆಲನ್ನು ಇಲ್ಲಿಂದ ಹಿಡಿಯುವುದು ದುಸ್ಸಾಧ್ಯ. ಅಮೆರಿಕದಲ್ಲಿ 2025ರ ಮೇ 12ರಿಂದ ಜಾರಿಗೆ ಬಂದ ನಿಯಮದಂತೆ ಹೋಟೆಲುಗಳು ಕಡ್ಡಾಯದ ಶುಲ್ಕಗಳನ್ನೆಲ್ಲ ಸೇರಿಸಿದ ಒಟ್ಟು ಬೆಲೆಯನ್ನೇ ಮೊದಲು ತೋರಿಸಬೇಕು; ಎಲ್ಲ ದೇಶಗಳಲ್ಲಿಯೂ ಇಂಥ ಕಟ್ಟು ಇದೆಯೆಂದು ನಂಬಿಕೊಂಡು ಹೊರಡಬಾರದು. ಆದರೆ ನಮ್ಮ ಏಜೆಂಟರೂ, ಭಾರತದಲ್ಲಿ ವ್ಯಾಪಾರ ಮಾಡುವ ಅಂತರ್ಜಾಲದ ಸಂಸ್ಥೆಗಳೂ ಇಲ್ಲಿನ ಕಾನೂನಿಗೆ ಒಳಪಟ್ಟವರು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು, ಗ್ರಾಹಕನಿಗೆ ತಿಳಿಸಬೇಕಾದ ವಿಷಯವನ್ನು ಬೇಕೆಂದೇ ಮುಚ್ಚಿಡುವುದನ್ನು ಸೇವಾನ್ಯೂನತೆಯೆಂದು ಎಣಿಸುತ್ತದೆ. 2023ರ ನವೆಂಬರ್ 30ರಂದು ಪ್ರಕಟವಾದ ಕೇಂದ್ರದ ಮಾರ್ಗಸೂಚಿಗಳು ಗ್ರಾಹಕನನ್ನು ದಾರಿತಪ್ಪಿಸುವ 13 ಬಗೆಯ ಉಪಾಯಗಳನ್ನು ನಿಷೇಧಿಸಿವೆ. ಬೆಲೆಯನ್ನು ಒಮ್ಮೆಗೇ ಹೇಳದೆ ತೊಟ್ಟುತೊಟ್ಟಾಗಿ ಹೊರಬಿಡುವುದು ಅವುಗಳಲ್ಲೊಂದು. ಇನ್ನು ಗೋವಾ ಮೊದಲಾದ ನಮ್ಮ ದೇಶದ ಕಡಲತೀರಗಳಲ್ಲಿಯೂ ಈ ಔತಣವು ನಡೆಯುತ್ತದೆ. ಒಂದು ಸೇವೆ ಬೇಕಾದರೆ ಇನ್ನೊಂದನ್ನೂ ಕೊಳ್ಳಲೇಬೇಕೆಂಬ ಕಟ್ಟಳೆಯನ್ನು ಅದೇ ಕಾಯಿದೆಯು ನಿರ್ಬಂಧಕ ವ್ಯಾಪಾರ ಪದ್ಧತಿಗಳಲ್ಲಿ ಸೇರಿಸಿರುವುದರಿಂದ, ಅಲ್ಲಿ ವಾದಿಸುವುದಕ್ಕೆ ಆಧಾರವುಂಟು. ಬಿಲ್ಲಿನಲ್ಲಿ ತಾನಾಗಿ ಸೇರಿಸುವ ಸೇವಾಶುಲ್ಕವನ್ನು ಕೊಡಬೇಕಾಗಿಲ್ಲವೆಂಬ 2022ರ ಜುಲೈ 4ರ ಮಾರ್ಗಸೂಚಿಗಳನ್ನು ದೆಹಲಿಯ ಉಚ್ಚ ನ್ಯಾಯಾಲಯವು 2025ರ ಮಾರ್ಚ್ 28ರಂದು ಎತ್ತಿಹಿಡಿಯಿತು. ಅದನ್ನೇ ಈ ಔತಣದ ಹಣಕ್ಕೂ ನೇರವಾಗಿ ಅನ್ವಯಿಸಿ ಹೋಟೆಲಿನಲ್ಲಿ ವಾದಕ್ಕಿಳಿಯಬಾರದು. ಎರಡೂ ಬೇರೆ ಬೇರೆ.

ದೂರು ಕೊಡಬೇಕೆನ್ನುವವರು ಮೊದಲು ಏಜೆಂಟರಿಗೆ ಬರಹದಲ್ಲಿ ತಿಳಿಸಿ ಕೆಲವು ದಿನಗಳ ಗಡುವು ಕೊಡಬೇಕು. ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಾದ 1915ಕ್ಕೆ ಕರೆಮಾಡಬಹುದು. ಅದರಿಂದಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಹಿಂದಿನ ಕಾಯಿದೆಯಲ್ಲಿ ಎದುರುಪಕ್ಷದವನಿದ್ದಲ್ಲಿಗೋ ವ್ಯವಹಾರ ನಡೆದಲ್ಲಿಗೋ ಹೋಗಬೇಕಾಗಿತ್ತು. ಈಗ ದೂರುದಾರನು ವಾಸಿಸುವ ಜಿಲ್ಲೆಯಲ್ಲಿಯೇ ಸಲ್ಲಿಸಬಹುದಾದ್ದರಿಂದ ಸೊರಬದವರಿಗೂ ಶಿಕಾರಿಪುರದವರಿಗೂ ಶಿವಮೊಗ್ಗವೇ ಸಾಕು. ಕೊಟ್ಟ ಹಣವು 5 ಲಕ್ಷ ರೂಪಾಯಿಯನ್ನು ಮೀರದಿದ್ದರೆ ಶುಲ್ಕವಿಲ್ಲ. ವಕೀಲರನ್ನು ಇಡಲೇಬೇಕೆಂಬ ನಿಯಮವೂ ಇಲ್ಲ. ವ್ಯಾಜ್ಯದ ಕಾರಣ ಉಂಟಾದ ಎರಡು ವರ್ಷಗಳೊಳಗೆ ಸಲ್ಲಿಸಬೇಕಾದ್ದರಿಂದ, ಪ್ರಯಾಣದ ಕಾಗದಗಳನ್ನೂ ರಸೀತಿಯನ್ನೂ ಅಲ್ಲಿಯವರೆಗೆ ಹಳೆಯ ಪತ್ರಿಕೆಗಳ ಜೊತೆ ರದ್ದಿಗೆ ಹಾಕಬಾರದು.