ಬೆನ್ನುನೋವಿಗೆ ಗುಳಿಗೆಯ ಗುಲಾಮಗಿರಿ ಬೇಡ

ಅಬಿಡ್ಸ್‌ನ ದೊಡ್ಡ ಅಂಚೆ ಕಚೇರಿಯ ಬಳಿ ಒಂದು ಸಂಜೆ ನಿಂತು ನೋಡಿ. ಬಟ್ಟೆಯಂಗಡಿಗಳಲ್ಲಿ ಬೆಳಗಿನಿಂದ ನಿಂತೇ ಇರುವ ಹೆಣ್ಣುಮಕ್ಕಳು, ಗಂಟು ಹೊರುವ ಹಮಾಲರು, ಹೊಲಿಗೆ ಯಂತ್ರದ ಮೇಲೆ ಬಾಗಿದ ದರ್ಜಿಗಳು, ಭಾನುವಾರ ಫುಟ್‌ಪಾತಿನಲ್ಲಿ ಹಳೆಯ ಪುಸ್ತಕ ಹರಡಿ ಕೂರುವವರು. ಇವರೆಲ್ಲರ ಸೊಂಟದ ಗೋಳು ಒಂದೇ. ಕಚೇರಿಯ ಕುರ್ಚಿಗೆ ಅಂಟಿಕೊಂಡ ನಮ್ಮ ಗೋಳೂ ಬೇರೆಯಲ್ಲ. ಈ ಗೋಳಿಗೆ ನಾವು ಕಂಡುಕೊಂಡ ಪರಿಹಾರವಾದರೂ ಏನು? ಮನೆಗೆ ಹೋಗುವ ದಾರಿಯಲ್ಲಿ ಔಷಧದಂಗಡಿಗೆ ನುಗ್ಗಿ, “ನೋವಿಗೆ ಏನಾದರೂ ಸ್ಟ್ರಾಂಗಾಗಿರೋದು ಕೊಡಿ” ಎನ್ನುವುದು. ಅಂಗಡಿಯವನು ವೈದ್ಯರ ಚೀಟಿ ಕೇಳಿದರೆ ನಮಗೆ ಸಿಟ್ಟು. ಕೇಳದೆ ಕೊಟ್ಟರೆ ಅವನು ಒಳ್ಳೆಯವನು!

ಈ ‘ಸ್ಟ್ರಾಂಗ್’ ಗುಳಿಗೆಗಳಲ್ಲಿ ಕೆಲವು ಅಫೀಮಿನ ಬಳಗಕ್ಕೆ ಸೇರಿದವು. ಟ್ರಮಡಾಲ್ ಅಂಥದೊಂದು. ಇದನ್ನು ಮಾರುವ ಅಂಗಡಿಯವನು ವೈದ್ಯರ ಹೆಸರು, ರೋಗಿಯ ಹೆಸರು, ಕೊಟ್ಟ ಪ್ರಮಾಣ ಇವನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಕಾಪಾಡಬೇಕೆಂಬ ನಿಯಮ 2014ರಲ್ಲೇ ಜಾರಿಗೆ ಬಂದಿತು. 2018ರ ಏಪ್ರಿಲ್‌ನಲ್ಲಿ ಸರ್ಕಾರ ಅದನ್ನು ಮಾದಕವಸ್ತು ಕಾನೂನಿನ ಕೆಳಗೂ ತಂದಿತು. ಇಷ್ಟೆಲ್ಲ ಕಾವಲು ಸುಮ್ಮನೆ ಹಾಕಿದ್ದಲ್ಲ. ಮಲಬದ್ಧತೆ, ತಲೆಸುತ್ತು, ಕೆಲವರಿಗೆ ಫಿಟ್ಸ್, ಕೊನೆಗೆ ಬಿಡಲಾಗದ ಚಟ, ಇವೆಲ್ಲ ಅದರ ಬೆನ್ನಿಗೇ ಬರುತ್ತವೆ. ನಿದ್ದೆಗುಳಿಗೆಯೋ ಮದ್ಯವೋ ಜೊತೆಗೂಡಿದರೆ ಉಸಿರೇ ನಿಲ್ಲಬಹುದು.

ಹೋಗಲಿ, ನೋವಾದರೂ ಹೋಗುತ್ತದೆಯೆ? ಆಸ್ಟ್ರೇಲಿಯಾದ ಸಿಡ್ನಿಯಲ್ಲಿ, ಹೊಸದಾಗಿ ಬೆನ್ನು ಅಥವಾ ಕುತ್ತಿಗೆ ನೋವು ಬಂದ 347 ಜನರಲ್ಲಿ ಅರ್ಧದಷ್ಟು ಮಂದಿಗೆ ಈ ಬಳಗದ ಔಷಧವನ್ನೂ ಉಳಿದವರಿಗೆ ಔಷಧವಿಲ್ಲದ ಹುಸಿಗುಳಿಗೆಯನ್ನೂ ಕೊಟ್ಟು ನೋಡಿದರು. ಆರು ವಾರಗಳ ನಂತರ ಎರಡು ಗುಂಪುಗಳ ನೋವಿನಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. 2023ರಲ್ಲಿ ಪ್ರಕಟವಾದ ಫಲಿತಾಂಶವಿದು. ಅದೇ ವರ್ಷದ ಡಿಸೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಬಹುಕಾಲದ ಸೊಂಟನೋವಿಗೆ ಈ ಔಷಧಗಳು ಬೇಡವೆಂದೇ ಸಲಹೆ ಮಾಡಿತು.

ಗುಳಿಗೆ ಬೇಡವೆಂದೊಡನೆ ಇನ್ನೊಂದು ವ್ಯಾಪಾರ ಎದುರು ಬಂದು ನಿಲ್ಲುತ್ತದೆ: ‘ಕೈರೋಪ್ರಾಕ್ಟಿಕ್’. ಬೆನ್ನನ್ನು ಲಟಕ್ಕೆಂದು ಮುರಿದು ನಿಮಿಷದಲ್ಲಿ ನೋವು ಹಾರಿಸುವ ವಿಡಿಯೋಗಳನ್ನು ನೋಡಿ ಮರುಳಾಗದವರು ಯಾರು? 1895ರಲ್ಲಿ ಅಮೆರಿಕದ ಡೇವನ್‌ಪೋರ್ಟ್ ಊರಿನಲ್ಲಿ ಪಾಮರ್ ಎಂಬಾತ ಆರಂಭಿಸಿದ ಪದ್ಧತಿಯಿದು. ಅಲ್ಲಿನ ನ್ಯೂ ಹ್ಯಾಂಪ್‌ಷೈರ್ ರಾಜ್ಯದ ಲೆಕ್ಕವೊಂದು 2018ರಲ್ಲಿ ಹೊರಬಂದಿತು. ಸೊಂಟನೋವಿಗೆ ಕೈರೋಪ್ರಾಕ್ಟರ್ ಬಳಿ ಹೋದವರು ಅಫೀಮಿನ ಬಳಗದ ಔಷಧ ಕೊಳ್ಳುವ ಸಂಭವ ಉಳಿದವರಿಗಿಂತ ಶೇ. 55ರಷ್ಟು ಕಡಿಮೆ ಎಂದಿತು. ಸಂತೋಷ. ಆದರೆ ಅಂಥ ಔಷಧ ಬರೆಯುವ ಅಧಿಕಾರ ಅಲ್ಲಿನ ಕೈರೋಪ್ರಾಕ್ಟರ್‌ಗಿಲ್ಲ. ಮಾತ್ರೆ ಬೇಡವೆನ್ನುವವರೇ ಅವರ ಬಳಿ ಹೆಚ್ಚಾಗಿ ಹೋಗಿರಲೂಬಹುದು. ಜೊತೆಜೊತೆಗೆ ಕಂಡದ್ದೆಲ್ಲ ಕಾರಣವಲ್ಲ.

ಬೆನ್ನೆಲುಬಿಗೆ ಕೈಯಿಂದ ಮಾಡುವ ಚಿಕಿತ್ಸೆ ಮೋಸವೆಂದು ನಾವು ಹೇಳುತ್ತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ವ್ಯಾಯಾಮದ ಜೊತೆಗೆ ಅದಕ್ಕೂ ಸ್ಥಾನವಿದೆ. ನಮ್ಮ ಪ್ರಶ್ನೆ, ಆ ಕೈ ಯಾರದು ಎಂಬುದು. ಫಿಸಿಯೋಥೆರಪಿಯವರಿಗೆ 2021ರ ಕೇಂದ್ರ ಕಾನೂನಿನ ಚೌಕಟ್ಟಿದೆ. ಕೈರೋಪ್ರಾಕ್ಟಿಕ್‌ಗೆ ನಮ್ಮ ದೇಶದಲ್ಲಿ ಪ್ರತ್ಯೇಕ ಪರಿಷತ್ತಿಲ್ಲ. ಮೂಳೆ ಸವೆದ ವೃದ್ಧರ ಬೆನ್ನನ್ನು ಯಾರೋ ಹಿಡಿದು ತಿರುಚಿ ಮುರಿದರೆ ಹೊಣೆ ಯಾರು? ಕುತ್ತಿಗೆ ತಿರುಚಿದಾಗ ರಕ್ತನಾಳ ಹರಿದು ಲಕ್ವ ಹೊಡೆದದ್ದೂ ಉಂಟು, ಅಪರೂಪವಾದರೂ.

ಗುಳಿಗೆಯ ಮೋಹ, ಲಟಕಿನ ಮೋಹ ಎರಡರ ಬೇರೂ ಒಂದೇ: ನಾವು ಮಲಗಿರಬೇಕು, ಬೇರೆ ಯಾರೋ ನಮ್ಮನ್ನು ಗುಣಮಾಡಬೇಕು! ಹಿತ್ತಲ ಗಿಡ ಮದ್ದಲ್ಲವೆಂಬಂತೆ, ಕಾಸಿಲ್ಲದೆ ದೊರೆಯುವ ನಡಿಗೆ ಮತ್ತು ವ್ಯಾಯಾಮದ ಮೇಲೆ ನಮಗೆ ನಂಬಿಕೆಯಿಲ್ಲ. ಸಾಮಾನ್ಯ ಸೊಂಟನೋವು ಬಹುಮಟ್ಟಿಗೆ ಕೆಲವು ವಾರಗಳಲ್ಲಿ ತಾನೇ ಇಳಿಯುತ್ತದೆ. ಹಾಸಿಗೆ ಹಿಡಿದರೆ ಬೆಳೆಯುತ್ತದೆ. ಆದರೆ ಕಾಲಿನ ಬಲ ಕುಂದಿದರೆ, ಮೂತ್ರದ ಹಿಡಿತ ತಪ್ಪಿದರೆ, ಜ್ವರವೋ ತೂಕ ಇಳಿಯುವುದೋ ಜೊತೆಗಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಒಂದು ಮಾತು ಸ್ಪಷ್ಟವಾಗಿರಲಿ. ರೆಡ್‌ಹಿಲ್ಸ್‌ನ ಎಂ.ಎನ್.ಜೆ. ಕ್ಯಾನ್ಸರ್ ಆಸ್ಪತ್ರೆಯಲ್ಲಿ ನರಳುವ ರೋಗಿಗೆ ಮಾರ್ಫಿನ್ ದೊರೆಯಲೇಬೇಕು. ಅದು ದಯೆಯ ಔಷಧ. ವೈದ್ಯರ ಮಾತಿನಂತೆ ಇಂಥ ಗುಳಿಗೆ ನುಂಗುತ್ತಿರುವವರೂ ಈ ಲೇಖನ ಓದಿ ಥಟ್ಟನೆ ನಿಲ್ಲಿಸಬಾರದು. ಅವರನ್ನೇ ಕೇಳಿ ಹಂತಹಂತವಾಗಿ ಇಳಿಸಬೇಕು. ನಮ್ಮ ಜಗಳ ಚೀಟಿಯಿಲ್ಲದ ವ್ಯಾಪಾರದೊಂದಿಗೆ.

ಅದಕ್ಕಿಂತ ಹೆಚ್ಚಿನ ಜಗಳ ನೋವನ್ನು ಹುಟ್ಟಿಸುವ ನಮ್ಮ ಪದ್ಧತಿಯೊಂದಿಗೆ. ಅಂಗಡಿಯ ಕೆಲಸಗಾರರಿಗೆ ಕೂರಲು ಆಸನ ಕೊಡಬೇಕೆಂದು ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನು ಮಾಡಿದವು. ಅಬಿಡ್ಸ್‌ನಲ್ಲಿ ವ್ಯಾಪಾರ ನಡೆಸುವ ಕನ್ನಡ ಬಂಧುಗಳು ಒಂದು ಸ್ಟೂಲು ಹಾಕಿಸಲು ಯಾವ ಕಾನೂನಿಗೆ ಕಾಯಬೇಕು? ನಮ್ಮ ಸಂಘದಲ್ಲಿರುವ ವೈದ್ಯರು, ಫಿಸಿಯೋಥೆರಪಿಸ್ಟರು ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ಎರಡು ಗಂಟೆ ಕೊಡಲಾರರೆ? ರಾಜ್ಯೋತ್ಸವದ ಶಾಮಿಯಾನಕ್ಕೆ ಹಣ ಕೂಡಿಸುವ ನಾವು ನಾಲ್ಕು ಚಾಪೆ ಹಾಸಲಾರೆವೆ? ಕಾರ್ಯಕಾರಿ ಸಮಿತಿ ಮುಂದಿನ ಸಭೆಯಲ್ಲೇ ಇದನ್ನು ತೀರ್ಮಾನಿಸಲಿ.