ಸರ್ಟಿಫಿಕೇಟು ನಾಲ್ಕು, ಒಪಿಡಿ ಸೊನ್ನೆ

ಎಂ.ಟೆಕ್‌ ಮುಗಿಸಿ ಹನ್ನೊಂದು ವರ್ಷ ಸಾಫ್ಟ್‌ವೇರ್‌ನಲ್ಲಿ ದುಡಿದವನು ಈಗ ಆಸ್ಪತ್ರೆ ಆಡಳಿತ ಓದುತ್ತೇನೆ ಎಂದಾಗ ಅರಸೀಕೆರೆಯಿಂದ ಅಪ್ಪ ಕೇಳಿದ್ದು ಒಂದೇ ಮಾತು: ‘ಕೆಲ್ಸ ಹೋಯ್ತೇನಪ್ಪಾ?’ ಹೋಗಿಲ್ಲ. ಪೊವಾಯಿಯ ಕಚೇರಿಯೂ ಇದೆ, ಠಾಣೆಯ ಮನೆಯ ಇಎಂಐ ಕೂಡ ಇದೆ.

ಮೂವತ್ತು ದಾಟಿದವರಿಗೆ ಬಾಗಿಲು ನಾವಂದುಕೊಂಡಷ್ಟು ಮುಚ್ಚಿಲ್ಲ. ದೇವನಾರ್‌ನ ಟಿಸ್‌ನಲ್ಲಿ ಆಸ್ಪತ್ರೆ ಆಡಳಿತದ ಸ್ನಾತಕೋತ್ತರ ಕೋರ್ಸಿಗೆ ಯಾವ ವಿಷಯದ ಪದವೀಧರರೂ ಅರ್ಜಿ ಹಾಕಬಹುದು. ವೈದ್ಯರೇ ಆಗಬೇಕೆಂದರೆ, ನೀಟ್‌ಗಿದ್ದ ಗರಿಷ್ಠ ವಯೋಮಿತಿ 2022ರಲ್ಲೇ ಹೋಯಿತು. ಪಿಯುಸಿಯಲ್ಲಿ ಪಿಸಿಎಂಬಿ ಓದಿ ಎಂಜಿನಿಯರಿಂಗ್‌ಗೆ ಹೋದ ನಮ್ಮಂಥವರಿಗೆ ಅಂದಿನ ಜೀವಶಾಸ್ತ್ರ ಇಂದು ಕೈಹಿಡಿಯುತ್ತದೆ. ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್‌. ಅಷ್ಟು ದಿನ ಮನೆ ನಡೆಸುವವರು ಯಾರು ಎಂಬುದನ್ನು ಮಾತ್ರ ಮೊದಲೇ ಹೆಂಡತಿಯ ಹತ್ತಿರ ಕೂತು ಲೆಕ್ಕ ಹಾಕಿಕೊಳ್ಳಿ.

ಕಳೆದ ವರ್ಷ ಒಂದು ಸಂಸ್ಥೆಯ ಸಂದರ್ಶನದಲ್ಲಿ ನಾನು ಫೇಲಾದೆ. ಅರ್ಜಿಯಲ್ಲಿ ನಾಲ್ಕು ಆನ್‌ಲೈನ್‌ ಸರ್ಟಿಫಿಕೇಟು, ಎಕ್ಸ್‌ರೇ ಓದುವ ಎಐ ಬಗ್ಗೆ ಎರಡು ಪ್ಯಾರಾ. ‘ಒಪಿಡಿಯಲ್ಲಿ ಒಂದಿಡೀ ಬೆಳಿಗ್ಗೆ ಕೂತು ನೋಡಿದ್ದೀರಾ?’ ಎಂದು ಕೇಳಿದರು. ಇಲ್ಲ ಎಂದೆ. ಅಲ್ಲಿಗೆ ಮುಗಿಯಿತು. ಆಗ ಸಿಟ್ಟು ಬಂದಿತ್ತು. ಈಗ ಅನ್ನಿಸುತ್ತದೆ, ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದರು.

ಪರೇಲ್‌ನ ಟಾಟಾ, ಕೆಇಎಂ ಆಸ್ಪತ್ರೆಗಳಿಗೆ ಉತ್ತರ ಕರ್ನಾಟಕದಿಂದ ರೋಗಿಗಳು ಬರುತ್ತಲೇ ಇರುತ್ತಾರೆ. ನಗರದ ಒಂದು ಆಸ್ಪತ್ರೆಯಲ್ಲಿ ತಿಂಗಳಿಗೆರಡು ದಿನ ರಜೆ ಹಾಕಿ ಸ್ವಯಂಸೇವಕನಾದೆ. ಫಾರಂ ತುಂಬಿಕೊಡುವುದು, ಕೌಂಟರ್‌ ತೋರಿಸುವುದು, ಇಷ್ಟೇ ಕೆಲಸ. ಒಂದು ದಿನ ಕಲಬುರಗಿ ಕಡೆಯ ಅಜ್ಜಿಯೊಬ್ಬರು ಗಂಟು ಕಟ್ಟಿಕೊಂಡು ಉದ್ಯಾನ್‌ ಎಕ್ಸ್‌ಪ್ರೆಸ್ಸಿಗೆ ಹೊರಟಿದ್ದರು. ‘ಏನೂ ಮಾಡ್ಲಾಕ ಬರಂಗಿಲ್ಲ ಅಂದಾರ, ತಮ್ಮಾ.’ ಚೀಟಿ ನೋಡಿದೆ. ಬಯಾಪ್ಸಿ ವರದಿ ಬರಲು ವಾರ ಬೇಕು, ಆಮೇಲೆ ಬನ್ನಿ ಎಂದಷ್ಟೇ ಅದರಲ್ಲಿತ್ತು. ಹಿಂದಿಯಲ್ಲಿ ಹೇಳಿದ್ದು ಅವರಿಗೆ ಹಾಗೆ ಕೇಳಿಸಿತ್ತು.

ಈ ಸಲದ ಅರ್ಜಿಯಲ್ಲಿ ಎಐ ಇಲ್ಲ. ಆ ಚೀಟಿಯ ಕತೆ ಇದೆ. ಮುಂದಿನ ತಾರೀಖನ್ನು ರೋಗಿಯ ಭಾಷೆಯಲ್ಲೇ ಮೊಬೈಲಿಗೆ ಧ್ವನಿಯಾಗಿ ಕಳಿಸುವ ವ್ಯವಸ್ಥೆಗೆ ಎಷ್ಟು ಜನ, ಎಷ್ಟು ಖರ್ಚು ಬೇಕೆಂಬ ಅಂದಾಜಿದೆ. ಹನ್ನೊಂದು ವರ್ಷ ಕಲಿತದ್ದನ್ನು ಬಚ್ಚಿಡುವ ಅಗತ್ಯವಿಲ್ಲ, ಆದರೆ ಅದನ್ನು ಹಚ್ಚುವ ಜಾಗ ಕಣ್ಣಾರೆ ನೋಡಿರಬೇಕು.

ಸಂದರ್ಶನ ಮುಂದಿನ ತಿಂಗಳು. ಮೊನ್ನೆ ಅಪ್ಪ ಫೋನ್‌ ಮಾಡಿದಾಗ ಕೆಲಸದ ಸುದ್ದಿ ಎತ್ತಲಿಲ್ಲ. ‘ಆ ಅಜ್ಜೀದು ರಿಪೋರ್ಟು ಬಂತೇನೋ?’ ಎಂದರು.