ಹರಾಜಿನ ನಂತರದ ಮೌನ

ಮೌನವು ಮುನಿಗೆ ಭೂಷಣ, ಮಾರಾಟಗಾರನಿಗಲ್ಲ. ಪೀಣ್ಯದಲ್ಲಿ ಸ್ವಂತ ದುಡಿಮೆಯಿಂದ ಬಾಳುವ ಕುಶಲಕರ್ಮಿಯೊಬ್ಬನು ಅಂತರ್ಜಾಲದ ಹರಾಜಿನಲ್ಲಿ ಹಳೆಯ ಲೇತ್ ಯಂತ್ರವೊಂದನ್ನು ಗೆದ್ದು ಹಣ ತೆತ್ತನೆಂದು ಭಾವಿಸೋಣ. ಬಂದ ಬೆಲೆ ಸಾಲದೆಂದು ಮಾರಿದವನು ಕರೆಗೂ ಪತ್ರಕ್ಕೂ ಉತ್ತರಿಸದಿದ್ದರೆ ಅದು ವ್ಯಾಪಾರದ ಜಾಣ್ಮೆಯೇ?

1930ರ ಸರಕು ಮಾರಾಟ ಅಧಿನಿಯಮದ 64ನೆಯ ಪ್ರಕರಣವು ಹರಾಜಿಗೆ ಮೀಸಲು ಬೆಲೆಯುಂಟೆಂದು ಮೊದಲೇ ತಿಳಿಸಲು ಅವಕಾಶವಿತ್ತಿದೆ. ಸುತ್ತಿಗೆಯ ಪೆಟ್ಟಿನಿಂದಾಗಲಿ ರೂಢಿಯ ಬೇರೆ ಕ್ರಮದಿಂದಾಗಲಿ ಮುಕ್ತಾಯ ಸಾರಿದೊಡನೆ ಮಾರಾಟ ಪೂರ್ಣ. ಹಾಗಿರುವಾಗ ನೆಪವೆಲ್ಲಿದೆ? ಪರರ ಹಣವನ್ನಿಟ್ಟುಕೊಂಡು ಸುಮ್ಮನಿರುವುದು, ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಸತ್ಯಾಣುವ್ರತದ ಅತಿಚಾರಗಳೊಳಗೆ ಎಣಿಸಿದ ನ್ಯಾಸಾಪಹಾರಕ್ಕೆ ಸಮಾನವೇ ಸರಿ.

ಕೊಂಡವನು ಕ್ರೋಧಕ್ಕೆ ಎಡೆಗೊಡಬಾರದು. ಆದರೆ ಕ್ಷಮೆಯ ಹೆಸರಿನಲ್ಲಿ ಹಕ್ಕನ್ನು ಬಿಟ್ಟುಕೊಟ್ಟರೆ ಮುಂದಿನವನೂ ಮೋಸಹೋದಾನು. ರಸೀದಿ, ಪತ್ರಗಳನ್ನು ಕಾಯ್ದಿಟ್ಟು, ಲಿಖಿತ ನೋಟೀಸು ನೀಡಿ, ಜಾಲತಾಣದ ಕುಂದುಕೊರತೆ ಅಧಿಕಾರಿಗೆ ದೂರು ಸಲ್ಲಿಸಬೇಕು. 2020ರ ಇ-ವಾಣಿಜ್ಯ ನಿಯಮಗಳಂತೆ ಆತನು 48 ಗಂಟೆಗಳಲ್ಲಿ ದೂರು ತಲುಪಿದುದನ್ನು ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸತಕ್ಕದ್ದು. ಆಗದಿದ್ದರೆ 1915 ಸಹಾಯವಾಣಿ, ಬಳಿಕ ಗ್ರಾಹಕರ ಆಯೋಗ.

ಬಸದಿಯಲ್ಲಿ ಕಲಶದ ಸವಾಲು ಗೆದ್ದವನಿಗೆ ಕಲಶ ತಪ್ಪದು. ಅಂಗಡಿಗೆ ಮಾತ್ರ ಬೇರೊಂದು ಧರ್ಮವುಂಟೇ?